ಗಿಡ ಇಲ್ಲದ್ದಕ್ಕೆ ಮಳೆ ಇಲ್ಲವೆ?

“ಗಿಡಾ ಎಲ್ಲಾ ಕಡದ್ವಿ, ಅದಕ್ಕ ಮಳಿ ಹೋತು.” ಚಡಚಣದ ಸಂತೆಯಿಂದ ವಿಜಯಪುರದ ವೇದಿಕೆಗಳವರೆಗೆ ಈ ಮಾತು ಕೇಳಿ ಕೇಳಿ ಸಾಕಾಗಿದೆ. ಭಾಷಣ ಸ್ಪರ್ಧೆಗೆ ಮಕ್ಕಳೂ ಇದನ್ನೇ ಉರು ಹೊಡೆಯುತ್ತಾರೆ. ಒಬ್ಬರಾದರೂ ಭೂಪಟ ಬಿಚ್ಚಿ ನೋಡಬಾರದೆ?

ನಮ್ಮ ಮಳೆಯನ್ನು ತಡೆದಿರುವುದು ಸಹ್ಯಾದ್ರಿ. ಅರಬ್ಬಿ ಸಮುದ್ರದ ಗಾಳಿ ಘಟ್ಟ ಏರುತ್ತ ತಣಿದು, ಹೊತ್ತು ತಂದ ನೀರನ್ನು ಬಹುಪಾಲು ಅಲ್ಲೇ ಸುರಿಯುತ್ತದೆ. ಆಚೆಗಿಳಿದ ಗಾಳಿ ಬಿಸಿಯಾಗಿ ಒಣಗಿರುತ್ತದೆ. ಮಹಾಬಳೇಶ್ವರದಲ್ಲಿ ವರ್ಷಕ್ಕೆ 5,000 ಮಿ.ಮೀ.ಗೂ ಮಿಕ್ಕಿ ಮಳೆ. ಅಲ್ಲಿಂದ ಪೂರ್ವಕ್ಕೆ ಸುಮಾರು 200 ಕಿ.ಮೀ. ದೂರದಲ್ಲಿರುವ ನಮಗೆ 600ರ ಆಸುಪಾಸು. ಮೆಡಿಟರೇನಿಯನ್ ಸಮುದ್ರದ ಸೈಪ್ರಸ್ ದ್ವೀಪದಲ್ಲೂ ಹೀಗೇ: ಟ್ರೂಡೊಸ್ ಬೆಟ್ಟ ತೊಯ್ಯುತ್ತದೆ, ಅದರ ಮರೆಯ ಮೆಸೋರಿಯಾ ಬಯಲು ಒಣಗುತ್ತದೆ.

ಇದು ನಿನ್ನೆ ಮೊನ್ನೆಯ ಕಥೆಯೂ ಅಲ್ಲ. 1791–92ರ ಡೋಗಿ ಬರ, 1876–78ರ ಬರ ಈ ನೆಲವನ್ನೇ ಹಿಂಡಿದವು. ನಮ್ಮ ಹಿರಿಯರು ಎರೆ ಹೊಲವನ್ನು ಮುಂಗಾರಿನಲ್ಲಿ ಹರಗಿ ಬಿಟ್ಟು, ಹಸಿ ಹಿಡಿಸಿ, ಹಿಂಗಾರಿಗೆ ಬಿಳಿಜೋಳ ಬಿತ್ತಿದ್ದು ಸುಮ್ಮನೆ ಅಲ್ಲ. ಬಂಗಾಳ ಕೊಲ್ಲಿಯ ವಾಯುಭಾರ ಕುಸಿತಗಳು ಇತ್ತ ಸರಿದಾಗ, ಸೆಪ್ಟೆಂಬರ್ ಹೊತ್ತಿಗೆ ನಮಗೆ ಒಳ್ಳೆಯ ಮಳೆ ಎಂಬುದು ಅವರಿಗೆ ತಿಳಿದಿತ್ತು.

ಅಮೆಜಾನಿನಂಥ ಮಹಾರಣ್ಯ ತನ್ನ ಮಳೆಯಲ್ಲಿ ಒಂದು ಪಾಲನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ, ನಿಜ. ರಸ್ತೆ ಬದಿಯ ಬೇವು ಮೋಡ ತರುವುದಿಲ್ಲ. ನೆರಳಿಗೆ, ಮಣ್ಣಿಗೆ, ಹಣ್ಣಿಗೆ ಗಿಡ ಹಚ್ಚಿ; ಹಚ್ಚಲೇಬೇಕು. ಆದರೆ ಹುಲ್ಲುಗಾವಲನ್ನು ಬಂಜರೆಂದು ಕರೆದು ಗುಂಡಿ ತೋಡಬೇಡಿ. ತೋಳ, ನರಿ, ಚಿಗರಿ ಬದುಕುವುದು ಬಯಲಿನಲ್ಲೇ. ಗಡಿಯಾಚೆ ಸೊಲ್ಲಾಪುರ ಬಳಿಯ ನಾನ್ನಜ್ ಬಯಲನ್ನು 1979ರಲ್ಲಿ ಅಭಯಾರಣ್ಯ ಮಾಡಿದ್ದು ಬಯಲು ಬಿಟ್ಟು ಬಾಳದ ಒಂದು ಹಕ್ಕಿಗಾಗಿ, ದೊರವಾಯನಿಗಾಗಿ.

ಭೀಮೆ ಉಕ್ಕಿದರೆ ಇಲ್ಲಿ ಭಾರಿ ಮಳೆಯಾಗಿದೆ ಎಂದುಕೊಳ್ಳುವವರಿದ್ದಾರೆ. ಆ ನೀರು ಹೆಚ್ಚಾಗಿ ಘಟ್ಟದ್ದು, ಉಜನಿ ಮತ್ತು ವೀರ್ ಅಣೆಕಟ್ಟುಗಳಿಂದ ಬಿಟ್ಟದ್ದು. ಒಣ ಹವೆ ಶಾಪ ಎನ್ನುವವರು ನಮ್ಮ ದ್ರಾಕ್ಷಿ ಬೆಳೆಗಾರರನ್ನು ಕೇಳಲಿ, ಮನೂಕ ಒಣಗುವುದು ಆ ಹವೆಯಲ್ಲೇ.

ನನ್ನ ಸಿಟ್ಟು ಬರೀ ಅಜ್ಞಾನದ ಮೇಲಲ್ಲ. ಕಾರಣ ತಪ್ಪಾದರೆ ಕೆಲಸವೂ ತಪ್ಪುತ್ತದೆ. ಬೀಳುವ 600 ಮಿ.ಮೀ. ಹಿಡಿದಿಡಲು ಬದು ಬೇಕು, ಕೃಷಿಹೊಂಡ ಬೇಕು. ಕೆರೆಯ ಹೂಳೆತ್ತಿಸಿ ಎಂದು ಪಟ್ಟು ಹಿಡಿಯಬೇಕಾದ ಊರುಗಳು ಕತ್ತೆ ಮದುವೆಗೆ ಪಟ್ಟಿ ಕೂಡಿಸುತ್ತಿವೆ.