ಮಿದುಳಿನ ಸಿರೆಗಳಲ್ಲಿ ರಕ್ತದ ಹೆಪ್ಪು

ನಮ್ಮ ಮಿದುಳನ್ನು ಮೂರು ಪೊರೆಗಳು ಆವರಿಸಿಕೊಂಡಿರುವುವು. ಅಲ್ಲಿಂದ ಹೃದಯಕ್ಕೆ ಹಿಂದಿರುಗುವ ರಕ್ತವು ಹೊರಪೊರೆಯ ಪದರಗಳ ನಡುವಣ ಕಾಲುವೆಗಳಲ್ಲಿ ಹರಿಯುವುದು. ಸೂಕ್ಷ್ಮಾಣುಗಳಿಂದ ಪೊರೆಗಳಿಗೆ ಉರಿಯೂತವುಂಟಾಗುವುದನ್ನು ಮೆನಿಂಜೈಟಿಸ್ ಎನ್ನುವೆವು. ಆ ಉರಿಯೂತವು ಬಳಿಯ ಸಿರೆಗಳಿಗೂ ಹಬ್ಬಿದರೆ, ವಿರಳವಾಗಿಯಾದರೂ, ರಕ್ತವು ಅಲ್ಲಿಯೇ ಹೆಪ್ಪುಗಟ್ಟುವುದುಂಟು. ಕಿವಿಯ ಹಿಂದಣ ಮೂಳೆಯಲ್ಲಿ ಕೀವು ತುಂಬಿದವರಿಗೆ ಈ ಭಯ ಹೆಚ್ಚು. ಆಗ, ತೂಬು ಮುಚ್ಚಿದ ಕೆರೆಯಲ್ಲಿ ನೀರೇರುವಂತೆ, ತಲೆಬುರುಡೆಯೊಳಗೆ ಒತ್ತಡವೇರಿ ತಲೆನೋವು, ಸೆಳವು, ಮಂಪರು, ಕೈಕಾಲುಗಳ ನಿಶ್ಶಕ್ತಿ ತೋರಬಹುದು.

1928ರಲ್ಲಿ ಫ್ಲೆಮಿಂಗರು ಕಂಡ ಪೆನಿಸಿಲಿನ್ನೂ ಅದರ ಅನಂತರ ಬಂದ ಔಷಧಗಳೂ ಸೂಕ್ಷ್ಮಾಣುಗಳನ್ನು ಕೊಲ್ಲಬಲ್ಲುವು, ಹೆಪ್ಪನ್ನು ಕರಗಿಸಲಾರವು. ಆದುದರಿಂದ ಜ್ವರವಿಳಿದ ರೋಗಿಗೆ ಮತ್ತೆ ಸೆಳವು ಬಂದರೆ, ಹಳೆಯ ಬೇನೆಯ ಶೇಷವೆಂದು ನಾವು ಸುಮ್ಮನಿರಲಾಗದು. ಒಡನೆಯೇ ಸಿರೆಗಳ ಚಿತ್ರ ತೆಗೆಯಿಸಬೇಕು. ಹೆಪ್ಪು ಬೆಳೆಯದಂತೆ ತಡೆಯುವ ಹೆಪಾರಿನ್ನಿನಿಂದ ರಕ್ತಸ್ರಾವದ ಅಪಾಯವೂ ಇರುವುದರಿಂದ, ಅದನ್ನು ಕೊಡುವುದೋ ಬಿಡುವುದೋ ವೈದ್ಯರು ತೂಗಿ ನಿರ್ಣಯಿಸತಕ್ಕದ್ದು. ಅವರಿಗೆ ಸಕಾಲದಲ್ಲಿ ತಿಳಿಸುವ ಹೊಣೆ ಮಾತ್ರ ನಮ್ಮದು.