ಚೆಂಡೆಯ ಪೆಟ್ಟು ಹಿಡಿಯುವ ಪುಟ್ಟ ಪೆಟ್ಟಿಗೆ

ತೆಂಕುತಿಟ್ಟಿನ ಯಕ್ಷಗಾನ ನೋಡಿದವರಿಗೆ ಚೆಂಡೆಯ ಸ್ವಭಾವ ಗೊತ್ತು. ಅದರ ಸದ್ದು ಮೆಲ್ಲನೆ ಏರುತ್ತ ಬರುವುದಿಲ್ಲ. ಕೋಲು ಚರ್ಮಕ್ಕೆ ತಾಗಿದ ಕ್ಷಣದಲ್ಲೇ ಇಡಿಯಾಗಿ ಎದುರು ನಿಲ್ಲುತ್ತದೆ. ರಂಗಸ್ಥಳವನ್ನು ನಡುಗಿಸುವ ಈ ಗುಣವೇ ಎಂಪಿ3 ಕಡತಕ್ಕೆ ದೊಡ್ಡ ತೊಡಕು.

ಸಿ.ಡಿ.ಯಲ್ಲಿ ಧ್ವನಿಯನ್ನು ಸೆಕೆಂಡಿಗೆ 44,100 ಸಲ ಅಳೆದು, ಪ್ರತಿ ಅಳತೆಯನ್ನೂ 65,536 ಮಟ್ಟಗಳಲ್ಲಿ ಒಂದಕ್ಕೆ ಹೊಂದಿಸಿ ಬರೆಯುತ್ತಾರೆ. ಹೀಗೆ ಬರೆದ ಒಂದು ನಿಮಿಷದ ಹಾಡು ಸುಮಾರು 10 ಎಂಬಿ ಜಾಗ ತಿನ್ನುತ್ತದೆ. ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯ ಕಾರ್ಲ್‌ಹೈನ್ಜ್ ಬ್ರಾಂಡೆನ್‌ಬರ್ಗ್ ಮತ್ತು ಸಂಗಡಿಗರು ಇದನ್ನು ಹತ್ತರಲ್ಲಿ ಒಂದು ಪಾಲಿಗೆ ಇಳಿಸಿದ್ದು ಕಿವಿಯ ಒಂದು ಮಿತಿಯನ್ನು ಬಳಸಿಕೊಂಡು. ಜೋರಾದ ಸ್ವರದ ಪಕ್ಕದಲ್ಲಿರುವ ಮೆಲುಸ್ವರ ನಮಗೆ ಕೇಳುವುದೇ ಇಲ್ಲ. ಕೇಳದ್ದನ್ನು ಬಿಟ್ಟುಬಿಡಬಹುದು, ಇಲ್ಲವೇ ಒರಟಾಗಿ ಬರೆಯಬಹುದು. ಈ ಲೆಕ್ಕಾಚಾರಕ್ಕಾಗಿ ಎಂಪಿ3 ಧ್ವನಿಯನ್ನು 576 ಅಳತೆಗಳ, ಅಂದರೆ ಸುಮಾರು 13 ಮಿಲಿಸೆಕೆಂಡಿನ ತುಂಡುಗಳಾಗಿ ಕತ್ತರಿಸುತ್ತದೆ. ಒರಟಾಗಿ ಬರೆದದ್ದರಿಂದ ಹುಟ್ಟುವ ಕಲ್ಮಶ ಆ ತುಂಡಿನ ಉದ್ದಕ್ಕೂ ಹರಡಿಕೊಳ್ಳುತ್ತದೆ.

ಕದ್ರಿ ಗೋಪಾಲನಾಥರ ಸ್ಯಾಕ್ಸೊಫೋನಿಗೆ ಇದರಿಂದ ಅಷ್ಟು ತೊಂದರೆಯಿಲ್ಲ. ಬಂಟ್ವಾಳ ತಾಲೂಕಿನ ಸಜಿಪಮೂಡದಲ್ಲಿ ಹುಟ್ಟಿ, 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರೊಮೆನೇಡ್ ಕಛೇರಿಯವರೆಗೆ ಹೋದ ಆ ಕಲಾವಿದರ ವಾದ್ಯದ ನಾದ ಒಂದೇ ಉಸಿರಿನಲ್ಲಿ ನೀಳವಾಗಿ ಸಾಗುತ್ತದೆ. ಒಂದು ತುಂಡಿನೊಳಗೆ ಹೆಚ್ಚು ಬದಲಾಗದೆ ಕೆಲವೇ ಆವರ್ತನಗಳಲ್ಲಿ ನೆಲೆನಿಲ್ಲುವ ಕಾರಣ ಅದನ್ನು ಕಡಿಮೆ ಅಂಕೆಗಳಲ್ಲಿ ಬರೆದಿಡಬಹುದು. ಚೆಂಡೆ ಹಾಗಲ್ಲ. ತುಂಡಿನ ನಡುವೆ ಪೆಟ್ಟು ಬಿದ್ದರೆ ಅದರ ಕಲ್ಮಶ ಪೆಟ್ಟಿಗಿಂತ ಮೊದಲಿನ ಮೌನಕ್ಕೂ ಚೆಲ್ಲುತ್ತದೆ. ದೊಡ್ಡ ಸದ್ದು ತನ್ನ ಹಿಂದಿನ ಕೆಲವೇ ಮಿಲಿಸೆಕೆಂಡನ್ನು ಮಾತ್ರ ಮುಚ್ಚಬಲ್ಲದು; ಉಳಿದದ್ದು ‘ಸ್ಸ್’ ಎಂಬ ಮುನ್ನುಡಿಯಂತೆ ಕೇಳಿಬಿಡುತ್ತದೆ. ಎಂಜಿನಿಯರುಗಳು ಈ ದೋಷವನ್ನು ಸ್ಪೇನಿನ ಕ್ಯಾಸ್ಟನೆಟ್ ಎಂಬ ಮರದ ತಾಳದಿಂದ ಪರೀಕ್ಷಿಸುತ್ತ ಬಂದಿದ್ದಾರೆ. ಅದಕ್ಕೆ ಮದ್ದೂ ಇದೆ: ಪೆಟ್ಟು ಬರುವಲ್ಲಿ 192 ಅಳತೆಗಳ ಚಿಕ್ಕ ತುಂಡು ಬಳಸುವುದು. ಆದರೆ ಚಿಕ್ಕ ತುಂಡಿಗೆ ಹೆಚ್ಚು ಜಾಗ ಬೇಕು. ಬಿಗಿಯಾಗಿ ಕುಗ್ಗಿಸಿದ ಕಡತದಲ್ಲಿ ಆ ಜಾಗ ಇರುವುದಿಲ್ಲ, ಚೆಂಡೆ ಮಂಕಾಗುತ್ತದೆ.

ಫೋನ್ ಬಿಟ್ಟು ಹಾಡಿಗೆಂದೇ ಬೇರೆ ಪ್ಲೇಯರ್ ಕೊಳ್ಳಲು ಹೊರಟವರು ಮೊದಲು ತಿಳಿಯಬೇಕಾದದ್ದು ಇದನ್ನೇ. ಕಡತ ಕೆಟ್ಟದಾಗಿದ್ದರೆ ಎಷ್ಟು ದುಬಾರಿ ಯಂತ್ರವೂ ಅದನ್ನು ಸರಿಮಾಡಲಾರದು.

ಅಂಥ ಯಂತ್ರದೊಳಗೆ ಇರುವುದು ಬಹಳ ಸರಳ: ಮೆಮೊರಿ ಕಾರ್ಡು, ಅಂಕೆಗಳನ್ನು ಮತ್ತೆ ವಿದ್ಯುತ್ತಿನ ಅಲೆಯಾಗಿಸುವ ಡ್ಯಾಕ್ ಎಂಬ ಚಿಪ್, ಇಯರ್‌ಫೋನಿಗೆ ಬಲ ಕೊಡುವ ಆಂಪ್ಲಿಫೈಯರ್, ಬ್ಯಾಟರಿ. ಈ ವಂಶದ ಮೂಲಪುರುಷ ಸೋನಿಯ ವಾಕ್‌ಮನ್ ಜಪಾನಿನ ಮಾರುಕಟ್ಟೆಗೆ ಬಂದದ್ದು 1979ರ ಜುಲೈಯಲ್ಲಿ. 2001ರಲ್ಲಿ ಆ್ಯಪಲ್ ಕಂಪನಿಯ ಐಪಾಡ್ 5 ಜಿಬಿಯ ಪುಟ್ಟ ಹಾರ್ಡ್‌ಡಿಸ್ಕಿನಲ್ಲಿ ಸಾವಿರ ಹಾಡು ತುಂಬಿಕೊಂಡು ಬಂತು. 2022ರಲ್ಲಿ ಅದರ ತಯಾರಿಕೆ ನಿಂತಿತು. ಆದರೂ ಹಳೆಯ ಐಪಾಡುಗಳ ಹಾರ್ಡ್‌ಡಿಸ್ಕ್ ಕಿತ್ತು ಮೆಮೊರಿ ಕಾರ್ಡು, ಹೊಸ ಬ್ಯಾಟರಿ ಕೂರಿಸಿ ಬಳಸುವವರು ಜಗತ್ತಿನಾದ್ಯಂತ ಇದ್ದಾರೆ. ಭಾರತದಲ್ಲಿ 2017ರಲ್ಲಿ ಸರೆಗಮ ಕಂಪನಿ ಐದು ಸಾವಿರ ಹಳೆಯ ಹಾಡು ತುಂಬಿದ ಕಾರವಾನ್ ಪೆಟ್ಟಿಗೆಯನ್ನು ಮಾರತೊಡಗಿದಾಗ ಹಿರಿಯರಿರುವ ಮನೆಗಳು ಅದನ್ನು ಪ್ರೀತಿಯಿಂದ ಬರಮಾಡಿಕೊಂಡವು. ಗುಂಡಿ ಒತ್ತಿದರೆ ಹಾಡು ಬರಬೇಕು, ಬೇರೇನೂ ಬರಬಾರದು ಎಂಬ ಆಸೆ ಸಣ್ಣದಲ್ಲ.

ಫೋನಿನ ಧ್ವನಿ ಕೆಟ್ಟದ್ದೆಂದು ಹೇಳುವುದು ಸುಳ್ಳಾಗುತ್ತದೆ. ಆಂಡ್ರಾಯ್ಡ್ ಫೋನು ಎಲ್ಲ ಆ್ಯಪುಗಳ ಸದ್ದನ್ನೂ ಒಟ್ಟುಗೂಡಿಸಿ, ಸಾಮಾನ್ಯವಾಗಿ ಸೆಕೆಂಡಿಗೆ 48,000 ಅಳತೆಗಳ ಲೆಕ್ಕಕ್ಕೆ ಬದಲಿಸಿ ಹೊರಬಿಡುತ್ತದೆ. ಈ ಬದಲಾವಣೆ ಚೆನ್ನಾಗಿ ನಡೆದರೆ ಕಿವಿಗೆ ಗೊತ್ತಾಗದು. ಬ್ಲೂಟೂತಿನಲ್ಲಿ ಮಾತ್ರ ಒಂದು ಹಾನಿಯಿದೆ: ಈಗಾಗಲೇ ಕುಗ್ಗಿಸಿದ ಎಂಪಿ3 ಬಿಚ್ಚಿಕೊಂಡು, ಗಾಳಿಯಲ್ಲಿ ಕಳಿಸಲು ಮತ್ತೊಮ್ಮೆ ಕುಗ್ಗುತ್ತದೆ. 192 ಕಿಲೊಹರ್ಟ್ಸ್ ಎಂದು ದೊಡ್ಡ ಅಕ್ಷರದಲ್ಲಿ ಬರೆದ ಪ್ಲೇಯರಿಗೆ ಹಣ ಸುರಿಯಬೇಕಾಗಿಲ್ಲ. ಮನುಷ್ಯನ ಕಿವಿ ಎಳವೆಯಲ್ಲೂ ಸುಮಾರು 20 ಕಿಲೊಹರ್ಟ್ಸ್ ದಾಟುವುದಿಲ್ಲ, ಅಳತೆಗಳ ಅರ್ಧದಷ್ಟು ಕಂಪನ ಹಿಡಿಯಬಲ್ಲ ಸಿ.ಡಿ.ಯ ಲೆಕ್ಕ 22ರವರೆಗೆ ಮುಟ್ಟುತ್ತದೆ. ಉಳಿಸಿದ ಹಣದಲ್ಲಿ ಒಳ್ಳೆಯ ತಂತಿಯ ಇಯರ್‌ಫೋನ್ ಕೊಂಡರೆ ಚೆಂಡೆ, ಚಕ್ರತಾಳ ಬೇರೆಬೇರೆಯಾಗಿ ಕೇಳುತ್ತವೆ.

ಮಂಗಳೂರಿನಲ್ಲಿ ಪ್ರತ್ಯೇಕ ಪ್ಲೇಯರಿಗೆ ಇರುವ ಗಟ್ಟಿ ಕಾರಣ ಬೇರೆ. ಇಲ್ಲಿಯ ಕೇಳ್ಮೆ ಮೂರು ನಿಮಿಷದ ಹಾಡಿನದ್ದಷ್ಟೇ ಅಲ್ಲ. ಪತ್ತನಾಜೆಯಂದು ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ, ಮಳೆಗಾಲದುದ್ದಕ್ಕೂ ವೇಷವಿಲ್ಲದೆ ಮಾತಿನಲ್ಲೇ ನಡೆಯುವ ತಾಳಮದ್ದಳೆಯ ಕಾಲ. ಶೇಣಿ ಗೋಪಾಲಕೃಷ್ಣ ಭಟ್ಟರಂಥ ಅರ್ಥಧಾರಿಯ ಪೀಠಿಕೆ, ಎದುರಾಳಿಯ ಉತ್ತರ, ಅದಕ್ಕೆ ಪ್ರತ್ಯುತ್ತರ ಗಂಟೆಗಟ್ಟಲೆ ಬೆಳೆಯುತ್ತವೆ. ವಾದ ತುದಿಗೇರಿದಾಗ ವಾಟ್ಸ್‌ಆ್ಯಪಿನ ‘ಟಿಂಗ್’ ಬಂದರೆ ಫೋನು ಅರ್ಥಧಾರಿಯ ದನಿಯನ್ನೇ ತಗ್ಗಿಸಿ ಸಂದೇಶಕ್ಕೆ ದಾರಿ ಬಿಡುತ್ತದೆ. ಕರೆ ಬಂದರೆ ಪ್ರಸಂಗವೇ ನಿಲ್ಲುತ್ತದೆ. ಬೇರೆ ಕೆಲಸವಿಲ್ಲದ ಪೆಟ್ಟಿಗೆಗೆ ಈ ಕಾಟವಿಲ್ಲ. ಆಂಡ್ರಾಯ್ಡ್ ಹಾಕಿದ ದುಬಾರಿ ಪ್ಲೇಯರ್ ಕೊಂಡು ಅದರಲ್ಲೂ ಅದೇ ಆ್ಯಪುಗಳನ್ನು ತುಂಬಿದರೆ ಬಿಟ್ಟದ್ದೆಲ್ಲ ತಿರುಗಿ ಬರುತ್ತದೆ.

ಇಂಥ ಕೇಳುಗರಿಗೆ ಎರಡು ಸಣ್ಣ ಅನುಕೂಲಗಳೇ ದೊಡ್ಡವು. ನಾಲ್ಕು ಗಂಟೆಯ ಕಡತವನ್ನು ಎಲ್ಲಿ ನಿಲ್ಲಿಸಿದ್ದೋ ಅಲ್ಲಿಂದಲೇ ನಾಳೆ ಶುರುಮಾಡುವ ನೆನಪು ಪ್ಲೇಯರಿಗಿರಬೇಕು. ಜೊತೆಗೆ ಒಂದು ಕಡತದಿಂದ ಇನ್ನೊಂದಕ್ಕೆ ಹೋಗುವಾಗ ಸಂದು ಬೀಳಬಾರದು. ಎಂಪಿ3 ಕಡತದ ತಲೆ ಮತ್ತು ಬಾಲದಲ್ಲಿ ಒಂದಿಷ್ಟು ಮೌನ ತಾನಾಗಿ ಸೇರಿಕೊಳ್ಳುತ್ತದೆ. ಅದನ್ನು ಕತ್ತರಿಸಲು ತಿಳಿಯದ ಪ್ಲೇಯರಿನಲ್ಲಿ ಭಾಗವತರ ಪದ ನಡುವೆ ತುಂಡಾಗಿ, ತಾಳ ತಪ್ಪಿದಂತೆ ಕೇಳುತ್ತದೆ.

ಜಾಗದ ಚಿಂತೆ ಈಗ ಉಳಿದಿಲ್ಲ. ಮೇಳದ ತಿರುಗಾಟ ಆರು ತಿಂಗಳು, ದಿನಕ್ಕೊಂದು ಆಟ, ಆಟಕ್ಕೆ ಹಿಂದಿನ ಕ್ರಮದಂತೆ ಎಂಟು ಗಂಟೆ ಎಂದಿಟ್ಟುಕೊಂಡರೆ 1,440 ಗಂಟೆಯಾಯಿತು. ಸೆಕೆಂಡಿಗೆ 128 ಕಿಲೊಬಿಟ್ ಎಂಪಿ3ಯಲ್ಲಿ ಅದು ಸುಮಾರು 83 ಜಿಬಿ. ಉಗುರಿನಷ್ಟು ದೊಡ್ಡ 128 ಜಿಬಿ ಕಾರ್ಡಿನೊಳಗೆ ಇಡೀ ತಿರುಗಾಟ ಕೂರುತ್ತದೆ. ಏನನ್ನೂ ಬಿಡದೆ ಕುಗ್ಗಿಸುವ ಫ್ಲ್ಯಾಕ್ ಬಗೆಯಲ್ಲಾದರೆ ಸುಮಾರು ನಲವತ್ತು ಆಟಗಳು ಸೇರುತ್ತವೆ, ಚೆಂಡೆಯ ಪೆಟ್ಟು ಬಿದ್ದಂತೆಯೇ ಉಳಿಯುತ್ತದೆ.

ತುಂಬಬೇಕಾದ ಸಂಪತ್ತೂ ಕರಾವಳಿಯ ಕಪಾಟುಗಳಲ್ಲೇ ಇದೆ. 2023ರಲ್ಲಿ ತೀರಿಕೊಂಡ ಬಲಿಪ ನಾರಾಯಣ ಭಾಗವತರ ಪದಗಳಿಂದ ಹಿಡಿದು ವಿಲ್ಫಿ ರೆಬಿಂಬಸ್ ಅವರ ಕೊಂಕಣಿ ಹಾಡುಗಳವರೆಗೆ ಕ್ಯಾಸೆಟ್ ಯುಗದ ಎಷ್ಟೋ ಧ್ವನಿ ಮನೆಮನೆಗಳಲ್ಲಿ ಹಂಚಿಹೋಗಿದೆ. ಊರ ಸಭಾಂಗಣದಲ್ಲಿ ಯಾರೋ ಆಸಕ್ತರು ಟೇಪ್‌ರೆಕಾರ್ಡರ್ ಇಟ್ಟು ಹಿಡಿದ ತಾಳಮದ್ದಳೆ ಯಾವ ಆ್ಯಪಿನಲ್ಲೂ ಸಿಗದೇ ಹೋಗಬಹುದು. ಮಂಗಳೂರಿನ ಮಳೆಗಾಲದ ತೇವಕ್ಕೆ ಟೇಪಿನ ಮೇಲೆ ಬಿಳಿ ಬೂಸ್ಟು ಹಿಡಿಯುತ್ತದೆ; ಹಾಗೆಯೇ ಓಡಿಸಿದರೆ ಹೆಡ್ಡೂ ಹಾಳು, ಟೇಪೂ ಹಾಳು. ಬೂಸ್ಟು ತೆಗೆದು, ಹೆಡ್ಡನ್ನು ಸ್ಪಿರಿಟಿನಲ್ಲಿ ಒರೆಸಿ, ಮೊದಲ ಓಟದಲ್ಲೇ ಫ್ಲ್ಯಾಕ್‌ಗೆ ಇಳಿಸಿಕೊಳ್ಳುವುದು ಒಳ್ಳೆಯದು. ಟೇಪಿನ ‘ಸುಂಯ್’ ಸದ್ದಿಗೆ ಕ್ರಮವೆಂಬುದಿಲ್ಲ. ಕುಗ್ಗಿಸಲು ಹೋದ ಎಂಪಿ3 ತನ್ನ ಜಾಗವನ್ನು ಅದಕ್ಕೇ ಖರ್ಚುಮಾಡಿ, ಮಾತಿಗೆ ಉಳಿಸಬೇಕಾದದ್ದನ್ನು ಕಳೆದುಕೊಳ್ಳುತ್ತದೆ.

ಇಳಿಸಿದ ಕಡತಕ್ಕೆ ಪ್ರಸಂಗ, ಭಾಗವತರು, ಅರ್ಥಧಾರಿಗಳು, ಊರು, ತಾರೀಕು ಬರೆದಿಟ್ಟರೆ ಪ್ಲೇಯರಿನಲ್ಲಿ ಹುಡುಕುವುದು ಸುಲಭ. ಅಗ್ಗದ ಹಲವು ಪ್ಲೇಯರುಗಳಲ್ಲಿ ಕನ್ನಡ ಲಿಪಿ ಮೂಡದೆ ಬರೀ ಚೌಕಗಳು ಕಾಣಿಸುತ್ತವೆ. ಆದ್ದರಿಂದ ಕೊಳ್ಳುವವರು ಕನ್ನಡದಲ್ಲಿ ಹೆಸರಿಟ್ಟ ಎರಡು ಕಡತಗಳನ್ನು ಕಾರ್ಡಿನಲ್ಲಿ ಅಂಗಡಿಗೇ ಒಯ್ದು, ಒಂದರಿಂದ ಇನ್ನೊಂದಕ್ಕೆ ಓಡಿಸಿ, ಚೆಂಡೆ ಇರುವ ಕಡೆ ಕೇಳಿ ನೋಡಬೇಕು.