ಉಪ್ಪು ಕಡಿಮೆ, ರುಚಿ ಹೆಚ್ಚು: ಮನೆಯಲ್ಲೇ ಹುರಿದ ಮಸಾಲೆ ಕಡಲೆಬೀಜ ಮತ್ತು ಗೋಡಂಬಿ

ಶಿವಮೊಗ್ಗದಿಂದ ಸಾಗರ ರಸ್ತೆಯಲ್ಲಿ ಸುಮಾರು 10 ಕಿಲೋಮೀಟರ್ ಬಂದರೆ ತ್ಯಾವರೆಕೊಪ್ಪ. 1988ರಲ್ಲಿ ಆರಂಭವಾದ ಇಲ್ಲಿನ ಹುಲಿ ಮತ್ತು ಸಿಂಹಧಾಮವನ್ನು ನೋಡಲು ಕರಾವಳಿಯಿಂದ ಘಾಟಿ ಹತ್ತಿ ಬರುವವರು ಬಹಳ. ನಮ್ಮ ವಾಸ ಇದೇ ಕಡೆ ಇರುವುದರಿಂದ ನೆಂಟರು, ಅವರ ಧರ್ಮಕೇಂದ್ರದ ಕ್ರೈಸ್ತ ಶಿಕ್ಷಣದ ಮಕ್ಕಳು ಬಂದಾಗ ಜೊತೆಗೆ ಹೋಗುವುದು ನಮಗೆ ರೂಢಿ. ಒಮ್ಮೆ ಹೀಗೆ ಬಂದ ಬಸ್ಸು ಗೇಟು ತಲಪುವ ಮೊದಲೇ ಚಿಪ್ಸ್, ಖಾರದ ಕಡಲೆಯ ಪೊಟ್ಟಣಗಳೆಲ್ಲ ಖಾಲಿಯಾಗಿದ್ದವು. ಇಳಿದ ಮಕ್ಕಳಿಗೆ ಹುಲಿಗಿಂತ ಮೊದಲು ಬೇಕಾದದ್ದು ನೀರು! ಅದೇ ಸಮಯದಲ್ಲಿ ನಮ್ಮ ಮನೆಯ ಹಿರಿಯರೊಬ್ಬರಿಗೆ ರಕ್ತದೊತ್ತಡ ಹೆಚ್ಚಾಗಿ, ಉಪ್ಪು ಕಡಿಮೆ ಮಾಡಲೇಬೇಕೆಂದು ವೈದ್ಯರು ಹೇಳಿದ್ದರು. ಅವರು ಊಟದ ಉಪ್ಪನ್ನು ಬಿಟ್ಟರು, ಆದರೆ ಸಂಜೆಯ ಚಹಾದೊಡನೆ ಬಾಯಾಡಿಸುವುದನ್ನು ಬಿಡಲಾಗಲಿಲ್ಲ. ಬಿಡಿಸುವ ಬದಲು ಬೇರೆ ದಾರಿ ಹುಡುಕೋಣವೆಂದು ನಾವು ಬಾಣಲೆ ಇಟ್ಟೆವು.

ಪದಾರ್ಥಕ್ಕೆ ನಮ್ಮ ಜಿಲ್ಲೆ ಒಳ್ಳೆಯ ಜಾಗದಲ್ಲಿದೆ. ಪೂರ್ವಕ್ಕೆ ಚಳ್ಳಕೆರೆ, ಪಾವಗಡ ಕಡೆಯ ಕೆಂಪು ನೆಲದ ಕಡಲೆಕಾಯಿ. ಪಶ್ಚಿಮಕ್ಕೆ ಘಾಟಿ ಇಳಿದರೆ ಕರಾವಳಿಯ ಗೇರುಬೀಜ. ಎರಡೂ ನಮ್ಮವೇ ಎಂದುಕೊಂಡಿದ್ದೇವೆ, ಆದರೆ ಎರಡರ ಮೂಲವೂ ದಕ್ಷಿಣ ಅಮೆರಿಕ. ಗೇರನ್ನು 16ನೇ ಶತಮಾನದಲ್ಲಿ ಪೋರ್ಚುಗೀಸರು ನಮ್ಮ ಪಶ್ಚಿಮ ತೀರಕ್ಕೆ ತಂದರು. ಇಂದು ಪುತ್ತೂರಿನಲ್ಲಿ ಗೇರು ಸಂಶೋಧನೆಗೆಂದೇ ರಾಷ್ಟ್ರೀಯ ಸಂಸ್ಥೆ ಇದೆ. ಬಾದಾಮಿ ಸೇರಿಸಬಾರದೆಂದಿಲ್ಲ, ಆದರೆ ಬೆಲೆ ನೋಡಿ ಕೊಳ್ಳಿರಿ. 100 ಗ್ರಾಂ ಕಡಲೆಬೀಜದಲ್ಲಿ ಸುಮಾರು 25 ಗ್ರಾಂ ಪ್ರೋಟೀನ್ ಇದೆ. ಬಾದಾಮಿಯಲ್ಲಿ ಸುಮಾರು 21, ಗೋಡಂಬಿಯಲ್ಲಿ 18. ಬಡವರ ಬಾದಾಮಿ ಎಂಬ ಮಾತು ಸುಮ್ಮನೆ ಬಂದದ್ದಲ್ಲ.

ಒಂದು ಎಚ್ಚರಿಕೆ: ಊರಿನಿಂದ ಸಿಪ್ಪೆಸಹಿತ ಗೇರುಬೀಜ ಬಂದರೆ ಅದನ್ನು ಅಡುಗೆಮನೆಯಲ್ಲಿ ಹುರಿಯಬೇಡಿ. ಆ ಸಿಪ್ಪೆಯ ಎಣ್ಣೆ ಚರ್ಮವನ್ನು ಸುಡುತ್ತದೆ, ಹೊಗೆ ಕಣ್ಣಿಗೂ ಉಸಿರಿಗೂ ಕೆಟ್ಟದ್ದು. ಬಾಲ್ಯದಲ್ಲಿ ಗುಡ್ಡದಲ್ಲಿ ಬೆಂಕಿ ಹಾಕಿ ಸುಟ್ಟು ತಿಂದವರ ತುಟಿಗೆ ಇದು ನೆನಪಿರುತ್ತದೆ. ಕಾರ್ಖಾನೆಯಲ್ಲಿ ಸಿಪ್ಪೆ ತೆಗೆದ ಬಿಳಿ ಗೋಡಂಬಿಯೇ ಮನೆಗೆ ಸರಿ.

ಹುರಿಯುವುದಕ್ಕಿಂತ ಮುಖ್ಯವಾದ ಕೆಲಸ ಆರಿಸುವುದು. ಇದನ್ನು ನಾವು ಒತ್ತಿ ಹೇಳುತ್ತೇವೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಒಮ್ಮೆಲೇ ಸತ್ತವು. ಕಾರಣ ಹುಡುಕಿದಾಗ ಅವುಗಳ ಮೇವಿಗೆ ಬೆರೆಸಿದ್ದ ಕಡಲೆಕಾಯಿ ಹಿಂಡಿಯಲ್ಲಿ ಒಂದು ಬಗೆಯ ಬೂಷ್ಟು ಬೆಳೆದು ವಿಷ ಉಂಟುಮಾಡಿದ್ದು ತಿಳಿಯಿತು. ಆ ವಿಷವೇ ಅಫ್ಲಾಟಾಕ್ಸಿನ್. ಅದು ಮನುಷ್ಯರ ಯಕೃತ್ತಿಗೂ ಹಾನಿಕರ. ವರ್ಷಗಟ್ಟಲೆ ಸ್ವಲ್ಪ ಸ್ವಲ್ಪ ಒಳಗೆ ಹೋದರೆ ಕ್ಯಾನ್ಸರಿಗೂ ದಾರಿಯಾಗುತ್ತದೆ. ಚೆನ್ನಾಗಿ ಹುರಿದರೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆ ನಮ್ಮ ಮನೆಯಲ್ಲೂ ಇತ್ತು. ಅದು ತಪ್ಪು. ಹುರಿದರೆ ಬೂಷ್ಟು ಸಾಯಬಹುದು, ಆದರೆ ಅದು ಬಿಟ್ಟ ವಿಷ ಪೂರ್ತಿ ಹೋಗುವುದಿಲ್ಲ. ತೇವದ ಗಾಳಿಯಲ್ಲಿ ಬೂಷ್ಟು ಬೇಗ ಬೆಳೆಯುವುದರಿಂದ ಮಲೆನಾಡು, ಕರಾವಳಿಯವರಾದ ನಾವು ಹೆಚ್ಚು ಜಾಗ್ರತೆ ವಹಿಸಬೇಕು. ಬೀಜವನ್ನು ಬೆಳಕಿರುವ ಕಡೆ ಮೊರದಲ್ಲಿ ಹರಡಿ, ಸುಕ್ಕಾದದ್ದು, ಕಪ್ಪಾದದ್ದು, ಹಸಿರು-ಹಳದಿ ಪುಡಿ ಅಂಟಿದ್ದು, ಒಡೆದು ಬಣ್ಣ ಕೆಟ್ಟದ್ದು ಎಲ್ಲವನ್ನೂ ತೆಗೆದುಹಾಕಿ. ಹೀಗೆ ತೆಗೆದದ್ದನ್ನು ಕೋಳಿಗೂ ಹಾಕಬೇಡಿ. ಟರ್ಕಿಗಳ ಕತೆ ಮರೆಯಬಾರದು. ತಿನ್ನುವಾಗ ಕಹಿ ಬಂದರೆ ಸಂಕೋಚಪಡದೆ ಉಗುಳಿರಿ. ನಮ್ಮಲ್ಲಿ ಒಬ್ಬರು ನಾಲ್ಕು ಜನರ ಎದುರು ಉಗುಳುವುದು ಹೇಗೆಂದು ನುಂಗುತ್ತಿದ್ದರು, ಈಗ ಬಿಟ್ಟಿದ್ದಾರೆ.

ಇನ್ನು ಹುರಿಯುವ ವಿಧಾನ. ಅರ್ಧ ಕಿಲೋ ಹುರಿಯದ ಕಡಲೆಬೀಜಕ್ಕೆ ಒಂದು ಸಮತಟ್ಟಾದ ಟೀ ಚಮಚ ಉಪ್ಪನ್ನು ಮೂರು ದೊಡ್ಡ ಚಮಚ ಬಿಸಿನೀರಿನಲ್ಲಿ ಕರಗಿಸಿ ಚಿಮುಕಿಸಿ. ಕೈಯಿಂದ ಚೆನ್ನಾಗಿ ಕಲಸಿ ಕಾಲು ಗಂಟೆ ಬಿಡಿ. ಉಪ್ಪುನೀರು ಸಿಪ್ಪೆಗೆ ಹೀರಿಕೊಂಡು, ಹುರಿಯುವಾಗ ನೀರು ಆರಿ ಉಪ್ಪು ಬೀಜಕ್ಕೆ ಅಂಟಿಕೊಳ್ಳುತ್ತದೆ. ಹುರಿದ ಮೇಲೆ ಪುಡಿ ಉಪ್ಪು ಉದುರಿಸಿದರೆ ಅರ್ಧ ಡಬ್ಬಿಯ ತಳ ಸೇರುತ್ತದೆ, ರುಚಿ ಸಾಲದೆಂದು ಮತ್ತೆ ಹಾಕುತ್ತೇವೆ. ಉಪ್ಪು ಹೆಚ್ಚಾಗುವುದು ಹೀಗೆಯೇ.

ಪಾತ್ರೆ ದಪ್ಪಗಿರಬೇಕು. ನಮ್ಮದು ಭದ್ರಾವತಿಯ ಸಂತೆಯಲ್ಲಿ ಕೊಂಡ ಕಬ್ಬಿಣದ ಬಾಣಲೆ. ಉಕ್ಕಿನ ಊರಿನದ್ದೆಂಬ ಹೆಮ್ಮೆ ಬೇರೆ. ಎಣ್ಣೆ ಬೇಡ. ಉರಿ ಸಣ್ಣದಿರಲಿ, ಕೈ ನಿಲ್ಲದಿರಲಿ. ಮೊದಲ ಐದಾರು ನಿಮಿಷ ಬರೀ ಹಬೆ ಬರುತ್ತದೆ, ಏನೂ ಆಗುತ್ತಿಲ್ಲವೆಂದು ತೋರುತ್ತದೆ. ಆಗ ಉರಿ ಹೆಚ್ಚಿಸಬೇಡಿ, ಹೊರಗೆ ಕರಕಾಗಿ ಒಳಗೆ ಹಸಿಯಾಗಿ ಉಳಿಯುತ್ತದೆ. 15ರಿಂದ 20 ನಿಮಿಷಕ್ಕೆ ಸಿಪ್ಪೆ ಚಟಪಟ ಎನ್ನುತ್ತದೆ, ಪರಿಮಳ ಬರುತ್ತದೆ. ಒಂದು ಬೀಜ ಒಡೆದು ನೋಡಿ. ಒಳಗಿನ ಬಣ್ಣ ನಿಮಗೆ ಬೇಕಾದದ್ದಕ್ಕಿಂತ ಸ್ವಲ್ಪ ತಿಳಿಯಾಗಿರುವಾಗಲೇ ಇಳಿಸಿ ಅಗಲ ತಟ್ಟೆಗೆ ಸುರಿಯಿರಿ, ಏಕೆಂದರೆ ಒಳಗಿನ ಬಿಸಿಗೆ ಅದು ಇನ್ನೂ ಹುರಿಯುತ್ತಲೇ ಇರುತ್ತದೆ. ಬಿಸಿಯಿರುವಾಗ ಮೆತ್ತಗಿದ್ದರೆ ಗಾಬರಿ ಬೇಡ, ಆರಿದ ಮೇಲೆಯೇ ಗರಿಗರಿ. ಗೋಡಂಬಿಯಲ್ಲಿ ಪಿಷ್ಟ, ಸಕ್ಕರೆ ಹೆಚ್ಚಿರುವುದರಿಂದ ಬೇಗ ಕೆಂಪಾಗುತ್ತದೆ. ಅದನ್ನು ಪ್ರತ್ಯೇಕವಾಗಿ, ಎಂಟು ಹತ್ತು ನಿಮಿಷ ಸಾಕು. ಓವನ್ ಇದ್ದವರು 150 ಡಿಗ್ರಿ ಸೆಲ್ಸಿಯಸ್‌ನಲ್ಲಿ 15-20 ನಿಮಿಷ ಇಟ್ಟು, ನಡುವೆ ಎರಡು ಬಾರಿ ಮಗುಚಬಹುದು.

ಮಸಾಲೆಯಲ್ಲಿ ನಾವು ಮೊದಲ ಸಲ ಸೋತೆವು. ಕಾದ ಬಾಣಲೆಗೇ ಮೆಣಸಿನ ಪುಡಿ ಹಾಕಿದ್ದರಿಂದ ಮನೆಮಂದಿಯೆಲ್ಲ ಕೆಮ್ಮುತ್ತ ಅಂಗಳಕ್ಕೆ ಓಡಿದರು, ಕಡಲೆಯೂ ಕಹಿಯಾಯಿತು. ಈಗ ಮಾಡುವುದು ಹೀಗೆ: ಎರಡು ಟೀ ಚಮಚ ತೆಂಗಿನೆಣ್ಣೆ ಬಿಸಿ ಮಾಡಿ, ಜಜ್ಜಿದ ಆರೇಳು ಎಸಳು ಬೆಳ್ಳುಳ್ಳಿಯನ್ನು ಸಿಪ್ಪೆಸಹಿತ ಹಾಕಿ ಪೂರ್ತಿ ಗರಿಗರಿಯಾಗುವವರೆಗೆ ಬಾಡಿಸುತ್ತೇವೆ. ಒದ್ದೆಯಿಲ್ಲದ ಎರಡು ಹಿಡಿ ಕರಿಬೇವು ಹಾಕಿ ಅದು ಸಿಡಿದು ನಿಂತೊಡನೆ ಒಲೆ ಆರಿಸಿ, ಒಂದು ನಿಮಿಷ ಕಾಯುತ್ತೇವೆ. ಆಮೇಲೆ ಚಿಟಿಕೆ ಇಂಗು, ಅರಸಿನ, ಒಂದು ಚಮಚ ಬ್ಯಾಡಗಿ ಮೆಣಸಿನ ಪುಡಿ, ಅರ್ಧ ಚಮಚ ಕಾಳುಮೆಣಸಿನ ಪುಡಿ, ಅರ್ಧ ಚಮಚ ಜೀರಿಗೆ ಪುಡಿ. ಕಡಲೆಬೀಜ ಇನ್ನೂ ಬೆಚ್ಚಗಿರುವಾಗಲೇ ಇದಕ್ಕೆ ಸುರಿದು ಕಲಸಬೇಕು. ತಣ್ಣಗಾದದ್ದಕ್ಕೆ ಮಸಾಲೆ ಹಿಡಿಯುವುದಿಲ್ಲ. ಕೊನೆಗೆ ಅರ್ಧ ಚಮಚ ಒಣ ಮಾವಿನಕಾಯಿ ಪುಡಿ. ಈ ಹುಳಿಯೇ ಗುಟ್ಟು. ಹುಳಿ ಮತ್ತು ಖಾರ ಇದ್ದಲ್ಲಿ ನಾಲಗೆ ಉಪ್ಪನ್ನು ಅಷ್ಟಾಗಿ ಕೇಳುವುದಿಲ್ಲ. ನಮ್ಮ ಹಿರಿಯರು ಮೊದಲ ದಿನ ‘ಉಪ್ಪು ಸಾಲದು’ ಎಂದರು, ಎರಡನೆಯ ವಾರ ಏನೂ ಹೇಳಲಿಲ್ಲ.

ಲೆಕ್ಕ ನೋಡೋಣ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರೊಬ್ಬರು ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಟೀ ಚಮಚಕ್ಕಿಂತ ಕಡಿಮೆ ಉಪ್ಪು ತಿನ್ನಬೇಕು. ನಮ್ಮ ಅರ್ಧ ಕಿಲೋದಲ್ಲಿರುವುದೇ ಅಷ್ಟು. ಒಬ್ಬರ ಪಾಲು ಒಂದು ಹಿಡಿ, 30 ಗ್ರಾಂ ಎಂದರೆ ಉಪ್ಪು ಸುಮಾರು 0.3 ಗ್ರಾಂ. ಆದರೆ ಆರೋಗ್ಯಕರವೆಂದು ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕೂರಬಾರದು. ಆ ಒಂದು ಹಿಡಿಯಲ್ಲೇ ಸುಮಾರು 170 ಕ್ಯಾಲೊರಿ ಇದೆ. ನಾವು ಹಿಡಿ ಅಳೆದು ಬಟ್ಟಲಿಗೆ ಹಾಕಿ ಡಬ್ಬಿಯನ್ನು ಮೇಲಿನ ಹಲಗೆಗೆ ಏರಿಸುತ್ತೇವೆ. ಇದು ಅಡಿಕೆಯ ನಾಡು. ಬಾಯಿ ಖಾಲಿಯಿರಬಾರದೆಂದು ದಿನವಿಡೀ ಅಡಿಕೆ ಜಗಿಯುವವರು ನಮ್ಮ ನಡುವೆ ಇದ್ದಾರೆ. ತಂಬಾಕು ಇಲ್ಲದಿದ್ದರೂ ಅಡಿಕೆ ಜಗಿಯುವುದು ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಹೇಳಿದೆ. ಅಂಥವರ ಜೇಬಿಗೆ ಕಡಲೆಯ ಪೊಟ್ಟಣ ಹಾಕಿ ನೋಡಿರಿ.

ಐದು ವರ್ಷದೊಳಗಿನ ಮಕ್ಕಳಿಗೆ ಇಡೀ ಬೀಜ ಕೊಡಲೇಬಾರದು. ಉಸಿರುನಾಳಕ್ಕೆ ಸಿಕ್ಕಿಕೊಳ್ಳುವ ಅಪಾಯವಿದೆ. ಅವರಿಗೆ ನುಣ್ಣಗೆ ಪುಡಿ ಮಾಡಿ ಅನ್ನಕ್ಕೋ ಬಾಳೆಹಣ್ಣಿಗೋ ಬೆರೆಸಿ. ಕೆಲವರಿಗೆ ಕಡಲೆಬೀಜ ಅಥವಾ ಗೋಡಂಬಿಯ ಅಲರ್ಜಿ ಇರುತ್ತದೆ. ಮಕ್ಕಳ ಪ್ರವಾಸಕ್ಕೆ, ವಾಳೆಯ ಸಭೆಗೆ ಹಂಚುವವರು ಮೊದಲೇ ಕೇಳಿ ತಿಳಿದುಕೊಳ್ಳಬೇಕು.

ಕಾದಿಡುವುದರಲ್ಲಿ ನಮ್ಮ ಎರಡನೆಯ ಸೋಲು: ಬಿಸಿಯಿರುವಾಗಲೇ ಮುಚ್ಚಳ ಹಾಕಿದೆವು, ಬೆವರಿ ಮರುದಿನಕ್ಕೆ ಮೆತ್ತಗಾಯಿತು. ಕನಿಷ್ಠ ಒಂದು ಗಂಟೆ ಆರಬೇಕು. ಗಾಜಿನ ಭರಣಿ ಅಥವಾ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ, ಬೆಳಕು ಬೀಳದ ಜಾಗ. ಎರಡು ವಾರ ಚೆನ್ನಾಗಿರುತ್ತದೆ. ಹಳೆಯ ಎಣ್ಣೆಯ ಕಮಟು ವಾಸನೆ ಬಂದರೆ ಎಸೆಯಿರಿ. ಮಳೆಗಾಲದಲ್ಲಿ ಕಾಲು ಕಿಲೋಗಿಂತ ಹೆಚ್ಚು ಮಾಡಬೇಡಿ, ಮೆತ್ತಗಾದರೆ ಸಣ್ಣ ಉರಿಯಲ್ಲಿ ನಾಲ್ಕೈದು ನಿಮಿಷ ಬೆಚ್ಚಗೆ ಮಾಡಿ.

ಕಳೆದ ಸಲ ಮಕ್ಕಳು ಬಂದಾಗ ಹಳೆಯ ನೋಟ್‌ಬುಕ್ಕಿನ ಖಾಲಿ ಹಾಳೆಗಳಿಂದ ಪೊಟ್ಟಣ ಕಟ್ಟಿ, ತಲೆಗೊಂದರಂತೆ ಹಂಚಿದೆವು. ಧಾಮದ ಒಳಗೆ ಹೋಗುವ ಮುಂಚೆಯೇ ತಿಂದು ಮುಗಿಸಬೇಕೆಂಬ ಷರತ್ತು ಹಾಕಿದ್ದೆವು, ಪ್ರಾಣಿಗಳಿಗೆ ಎಸೆಯುವ ಆಸೆ ದೊಡ್ಡವರಿಗೂ ಇರುತ್ತದೆ ನೋಡಿ. ಇಬ್ಬರು ಹುಡುಗರು ಕರಿಬೇವನ್ನು ಮಾತ್ರ ಆರಿಸಿ ಪಕ್ಕಕ್ಕಿಟ್ಟರು. ಮುಂದಿನ ಬಾರಿ ಅದನ್ನೂ ಪುಡಿ ಮಾಡಿ ಹಾಕುವುದೆಂದು ನಿರ್ಧರಿಸಿದ್ದೇವೆ.